ತೀರ್ಪಿನ ಮರುದಿನ

ಮುಂಬಯಿ, ಘಾಟ್‌ಕೋಪರ್
8 ಮಾರ್ಚ್ 1999

ಜಲಜ ಅವರಿಗೆ ವಿನಯಾಳ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಇಲ್ಲಿನ ಒಂದು ಕನ್ನಡ ಮಾಸಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ಹುಟ್ಟಿದ್ದು ಬ್ರಹ್ಮಾವರದಲ್ಲಿ, ಅಪ್ಪನಿಗೆ ಅಲ್ಲಿಯ ಪೇಟೆಯಲ್ಲಿ ಜೀನಸಿನ ಅಂಗಡಿ. ಅಪರಾಧ ಮತ್ತು ನ್ಯಾಯವನ್ನು ಕುರಿತು ಸಿನಿಮಾ ಮಾಡಿದ ನಿರ್ದೇಶಕರನ್ನು ಕಂಡು, ಮಾತಾಡಿಸಿ, ತಿಂಗಳಿಗೊಂದು ಸಂದರ್ಶನ ಬರೆಯುವುದು ಈ ವರ್ಷ ನನಗೆ ವಹಿಸಿದ ಕೆಲಸ. ಮುಂದಿನ ಸರದಿ ಪ್ರೇಮಾನಂದ ಅವರದು. ಅವರ ಹೊಸ ಸಿನಿಮಾದ ಚಿತ್ರೀಕರಣ ಶಿರೂರಿನಲ್ಲಾಯಿತೆಂದೂ, ನಿಮ್ಮ ತಮ್ಮ ಚಂದ್ರ ಅವರ ಕೊಲೆಯೇ ಆ ಕಥೆಗೆ ಮೂಲವೆಂದೂ, ಅಷ್ಟು ದಿನ ಎಲ್ಲರಿಗೂ ಮೀನುಸಾರು ಮಾಡಿ ಬಡಿಸಿದವರು ನೀವೆಂದೂ ಅವರೇ ಹೇಳಿದರು. ವಿಳಾಸ ಕೊಟ್ಟದ್ದೂ ಅವರೇ.

ನನ್ನದು ಎರಡೇ ಪ್ರಶ್ನೆ. ನಿಮ್ಮ ಮನೆಯ ಸಾವನ್ನು ಪರದೆಯ ಮೇಲೆ ನೋಡುವಾಗ ಏನನ್ನಿಸಿತು? ಸಿನಿಮಾದಿಂದ ಸ್ವಲ್ಪವಾದರೂ ನ್ಯಾಯ ಸಿಕ್ಕಿದ ಹಾಗಾಯಿತೇ? ಬಿಡುವಾದಾಗ ಬರೆಯಿರಿ.

ನಿಮ್ಮ
ವಿನಯಾ


ಶಿರೂರು
21 ಮಾರ್ಚ್ 1999

ವಿನಯಾ ಅವರಿಗೆ,

ಸಿನಿಮಾ ಇನ್ನೂ ನಮ್ಮ ಕಡೆಗೆ ಬಂದೇ ಇಲ್ಲ. ನೋಡದ್ದನ್ನು ನೋಡಿ ಏನನ್ನಿಸಿತು ಎಂದು ಕೇಳಿದ್ದೀರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಆದರೂ ಬ್ರಹ್ಮಾವರದವರು ಎಂದಿರಿ, ಪ್ರೇಮಾನಂದರಿಗಿಂತ ಹತ್ತಿರದವರೇ ಆದಿರಿ. ನನ್ನ ಕಡೆಯ ಕಥೆ ಹೇಳುತ್ತೇನೆ.

ನಮ್ಮೂರಲ್ಲಿ ಶೇಖರನಿಗೆ ಎರಡು ಟ್ರಾಲ್ ಬೋಟು. ನಾಡದೋಣಿಯವರು ದಡದ ಹತ್ತಿರ ಬಿಟ್ಟ ಬಲೆಗಳ ಮೇಲೆಯೇ ಅವನ ಬೋಟು ಹಾಯುತ್ತಿತ್ತು. ಬಲೆ ಹರಿದವರೆಲ್ಲ ಹಿಂದಿನಿಂದ ಬೈಯುವವರು, ಎದುರಿಗೆ ಹೋಗಿ ಕೇಳಿದವನು ಚಂದ್ರ ಒಬ್ಬನೇ. ನಮ್ಮವರ ಪಂಚಾಯಿತಿ ಮಾಡುವ ಗುರಿಕಾರರ ಮುಂದೆ ಬಾ ಎಂದ. 1997ರ ದೀಪಾವಳಿ ಕಳೆದ ವಾರ, ಮುಸ್ಸಂಜೆ, ದೋಣಿ ಇಡುವ ಚಪ್ಪರದ ಹಿಂದೆ ಶೇಖರ ಅವನ ತಲೆಗೆ ದೋಣಿಯ ಹುಟ್ಟಿನಿಂದ ಹೊಡೆದ. ನನ್ನ ತಮ್ಮ ಅಲ್ಲೇ ಸತ್ತ.

ಕಂಡವನು ನಾಗ ಒಬ್ಬ. ಚಪ್ಪರದೊಳಗೆ ಬಲೆ ಕಟ್ಟುತ್ತಾ ಕೂತಿದ್ದ. ನನಗೆ ಅವತ್ತೇ ಹೇಳಿದ. ಪೊಲೀಸರ ಮುಂದೆ ಮಾತ್ರ ‘ನಾನು ಮಲಗಿದ್ದೆ, ಏನೂ ಕಾಣಲಿಲ್ಲ’ ಎಂದುಬಿಟ್ಟ. ಪಾಪದವನು, ಶೇಖರನ ಬೋಟಿನಲ್ಲೇ ದುಡಿಯುವವನು. ನನ್ನ ದೂರಿನ ಮೇಲೆ ಪೊಲೀಸರು ಹಿಡಿದ ಶೇಖರ ಜಾಮೀನಿನ ಮೇಲೆ ಬಂದು ಮತ್ತೆ ಬೋಟು ಬಿಡಿಸುತ್ತಿದ್ದಾನೆ. ಅವನ ಬೋಟಿನ ಮೀನು ನಾನು ಮುಟ್ಟುವುದಿಲ್ಲ. ಇಲ್ಲಿಯ ಮೀನಿಳಿಸುವ ದಕ್ಕೆಗೆ ಬೇರೆ ದೋಣಿ ಬಾರದ ದಿನ ಬಸ್ಸು ಹತ್ತಿ ಉಪ್ಪುಂದಕ್ಕೆ ಹೋಗಿ ಮನೆ ಮನೆಗೆ ಮಾರುವ ಮೀನು ತರುತ್ತೇನೆ.

ನಾಗ ಮಳೆಗಾಲದಲ್ಲಿ ಊರ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ ಕಟ್ಟುತ್ತಾನೆ. ರಾಕ್ಷಸನ ಪಾರ್ಟೆಂದರೆ ಅವನೇ. ಪ್ರೇಮಾನಂದರಿಗೆ ಕೊಲೆಗಾರನ ಪಾತ್ರಕ್ಕೆ ಜನ ಸಿಗಲಿಲ್ಲ, ಶೇಖರನ ಹೆದರಿಕೆಗೆ ಒಬ್ಬರೂ ಹುಟ್ಟು ಮುಟ್ಟಲಿಲ್ಲ. ಆಗ ನಾನೇ ನಾಗನ ಮನೆಗೆ ಹೋದೆ. ‘ನಂಗ್ ಕೋರ್ಟಂಗೆ ಮಾತಾಡುಕ್ ಬತ್ತಿಲ್ಲೆ ಜಲಜಕ್ಕ’ ಎಂದು ಅವನು ಎಷ್ಟೋ ಸಲ ಅತ್ತಿದ್ದ. ನಾನು ಹೇಳಿದೆ, ‘ಬಾಯಂಗೆ ಹೇಳುಕ್ ಆತಿಲ್ದಿರೆ ಮೈಯಂಗೆ ಹೇಳ್ ಮಾರಾಯ.’

ಮಾಡಿದ. ಶೇಖರ ಎಲ್ಲಿಂದ ಬಂದ, ಎಡಗೈಯಲ್ಲಿ ಹುಟ್ಟನ್ನು ಹೇಗೆ ಎತ್ತಿದ, ಹೊಡೆದ ಮೇಲೆ ಮರಳಲ್ಲಿ ಕೈ ಹೇಗೆ ಉಜ್ಜಿದ, ಎಲ್ಲ ಮಾಡಿ ತೋರಿಸಿದ. ಪ್ರೇಮಾನಂದರು ಬಾಯಿಗೆ ಕೈ ಇಟ್ಟುಕೊಂಡು ನೋಡಿದರು. ನಾನು ಅಡುಗೆಯ ಒಲೆ ಬಿಟ್ಟು ಎದ್ದು ಹೋದೆ, ಪೂರ್ತಿ ನೋಡಲಾಗಲಿಲ್ಲ. ವೇಷ ಕಟ್ಟಿದ ಮೇಲೆ ನಾಗನ ಹೆದರಿಕೆಯೇ ಹೋಯಿತು. ಮರುವಾರ ತಾನಾಗಿಯೇ ನನ್ನ ಜೊತೆ ಸ್ಟೇಷನ್ನಿಗೆ ಬಂದು ಕಂಡದ್ದನ್ನೆಲ್ಲ ಬರೆಸಿದ. ಈಗ ಕೋರ್ಟಿನಲ್ಲೂ ಹೇಳುತ್ತಾನೆ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಹೌದು, ಸಿನಿಮಾದಿಂದ ನಮಗೆ ಉಪಕಾರವಾಯಿತು. ಬರೆದುಕೊಳ್ಳಿ.

ಜಲಜ


ಮುಂಬಯಿ
2 ಮೇ 1999

ಪ್ರೀತಿಯ ಜಲಜಕ್ಕ,

ಹೀಗೆ ಕರೆಯಬಹುದಲ್ಲವೇ? ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಂದರ್ಶನ ಅಚ್ಚಾಗಿದೆ, ಸಂಚಿಕೆ ಕಳಿಸಿದ್ದೇನೆ. ನಾಗ ಹುಟ್ಟು ಎತ್ತಿ ನಿಂತ ದೊಡ್ಡ ಫೋಟೋ ಇದೆ, ಅವರಿಗೂ ತೋರಿಸಿ.

ಪ್ರೇಮಾನಂದರು ನಾಗನನ್ನು ಬಾಯ್ತುಂಬ ಹೊಗಳಿದರು. ಟೇಪು ನಿಲ್ಲಿಸಿ ಚಹಾ ಕುಡಿಯುವಾಗ, ‘ಆತ ಮಾಡಿ ತೋರಿಸಿದ ಮೇಲೆ ನನಗೆ ಹೇಳಿಕೊಡಲು ಉಳಿದದ್ದೇನು, ಕ್ಯಾಮೆರಾ ಇಟ್ಟೆ ಅಷ್ಟೇ’ ಎಂದರು. ಅಚ್ಚಿನಲ್ಲಿ ಅದು ಅದೇ ರೀತಿ ಬಂದಿಲ್ಲ. ಟೇಪಿನಲ್ಲಿದ್ದಷ್ಟನ್ನೇ ಹಾಕುವುದು ನಮ್ಮ ಕ್ರಮ. ನಿರ್ದೇಶಕರಿಗೂ ತಮ್ಮ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿಕೊಳ್ಳುವ ಆಸೆ ಇರುತ್ತದೆ, ತಪ್ಪು ತಿಳಿಯಬೇಡಿ.

ಕೋರ್ಟಿನ ವಿಷಯ ಬರೆಯುತ್ತಿರಿ. ಈ ಸರಣಿಯಲ್ಲಿ ಇಷ್ಟು ಒಳ್ಳೆಯದು ನಡೆದ ಸಿನಿಮಾ ಇದೊಂದೇ.

ನಿಮ್ಮ
ವಿನಯಾ


ಶಿರೂರು
30 ಮೇ 1999

ವಿನಯಮ್ಮ,

ಪುಸ್ತಕ ಬಂತು. ನಾಗನನ್ನು ಕೂರಿಸಿ ಪ್ರೇಮಾನಂದರು ಹೇಳಿದ್ದನ್ನು ಓದಿ ಹೇಳಿದೆ. ‘ಆ ದೃಶ್ಯ ಸಂಪೂರ್ಣ ನನ್ನ ಕಲ್ಪನೆ. ಆ ಮೀನುಗಾರನಿಗೆ ಏನೂ ಗೊತ್ತಿರಲಿಲ್ಲ. ಎಲ್ಲಿ ನಿಲ್ಲಬೇಕು, ಹುಟ್ಟನ್ನು ಹೇಗೆ ಎತ್ತಬೇಕು, ಎಲ್ಲವನ್ನೂ ಕೂತು ಕಲಿಸಿದೆ. ಎಡಗೈ ಒಂದು ಸಂಕೇತ, ಕೆಡುಕು ಲೋಕದ ಕ್ರಮವನ್ನೇ ತಿರುಗಿಸುತ್ತದೆ ಎಂಬುದಕ್ಕೆ.’ ಶೇಖರ ಹುಟ್ಟಾ ಎಡಚ. ಅವನ ಅಮ್ಮ ಚಿಕ್ಕಂದಿನಲ್ಲಿ ಬರೆ ಹಾಕಿದರೂ ಹೋಗದ ಎಡಗೈ ಪ್ರೇಮಾನಂದರ ಬಾಯಲ್ಲಿ ಸಂಕೇತವಾಯಿತು.

ನನಗೆ ಸಿಟ್ಟು ಬಂತು, ನಾಗನಿಗೆ ಬರಲಿಲ್ಲ. ‘ಇರ್ಲಿ ಜಲಜಕ್ಕ, ಕಲ್ಸಿದವ್ರ್ ಹೆಸ್ರ್ ಹೇಳ್ಕ್’ ಎಂದ. ಮೇಳದವರಲ್ಲಿ ಹಾಗೆ. ಗೆಜ್ಜೆ ಕಟ್ಟಿದವನು ಎಷ್ಟೇ ಚೆನ್ನಾಗಿ ಕುಣಿಯಲಿ, ‘ಇದು ನನ್ನದು’ ಎನ್ನಬಾರದಂತೆ. ಯಾರು ಕೇಳಿದರೂ ಗುರುಗಳದ್ದು, ಭಾಗವತರದ್ದು ಎನ್ನಬೇಕಂತೆ. ಫೋಟೋ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾನೆ.

ನಿಮಗೊಂದು ಪ್ರಶ್ನೆ ಕೊಡುತ್ತೇನೆ, ನಿಮ್ಮ ನಿರ್ದೇಶಕರನ್ನು ಕೇಳಿ. ನಾನು ಕುಂದಾಪುರ, ಬೈಂದೂರಿನಲ್ಲಿ ನೋಡಿದ ಸಿನಿಮಾಗಳೆಲ್ಲ ಜಡ್ಜು ಕುರ್ಚಿಯಿಂದ ಎದ್ದ ಕೂಡಲೇ ಮುಗಿಯುತ್ತವೆ. ತೀರ್ಪಿನ ಮರುದಿನ ಸತ್ತವನ ಅಕ್ಕ ಏನು ಮಾಡುತ್ತಾಳೆ? ನನಗೂ ಗೊತ್ತಿಲ್ಲ, ಅದಕ್ಕೇ ಕೇಳುವುದು.

ನಿಮ್ಮ
ಜಲಜಕ್ಕ


ಮುಂಬಯಿ
19 ಆಗಸ್ಟ್ 1999

ಜಲಜಕ್ಕ,

ನಿಮ್ಮ ಪ್ರಶ್ನೆಯನ್ನು ಇಬ್ಬರಿಗೆ ಕೇಳಿದೆ. ಒಬ್ಬರು, ಹಿರಿಯರು, ಬಹಳ ಹೊತ್ತು ಯೋಚಿಸಿ, ‘ಅವಳು ಕಡಲಿಗೆ ಮುಖ ಮಾಡಿ ನಿಲ್ಲುತ್ತಾಳೆ’ ಎಂದರು. ಇನ್ನೊಬ್ಬರು ನಕ್ಕರು. ‘ತೀರ್ಪಿನ ಮರುದಿನದಲ್ಲಿ ಕಥೆ ಇಲ್ಲಮ್ಮ, ಜನ ಆಗಲೇ ಎದ್ದು ಹೋಗಿರುತ್ತಾರೆ’ ಎಂದರು. ಪ್ರಶ್ನೆ ಎಷ್ಟು ಚೆನ್ನಾಗಿದೆ ಎಂದು ಸಂಪಾದಕರು ನನ್ನ ಬೆನ್ನು ತಟ್ಟಿದರು. ನಿಮ್ಮದೆಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಯಾರೋ ಬಂದರು.

ನಿಮ್ಮ
ವಿನಯಾ


ಶಿರೂರು
12 ಸೆಪ್ಟೆಂಬರ್ 1999

ವಿನಯಮ್ಮ,

ಕಡಲಿಗೆ ಮುಖ ಮಾಡಿ ನಿಂತರೆ ಉಪ್ಪುಂದದ ಬಸ್ಸು ತಪ್ಪುತ್ತದೆ ಎಂದು ಆ ಹಿರಿಯರಿಗೆ ಹೇಳಿ.

ಸಿನಿಮಾ ಬೈಂದೂರಿಗೆ ಬಂತು. ಊರಿಗೆ ಊರೇ ಹೋಯಿತು. ನಾಗ ಹುಟ್ಟು ಎತ್ತಿದಾಗ ಟಾಕೀಸಿನಲ್ಲಿ ಸೀಟಿ, ಚಪ್ಪಾಳೆ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೊರಗೆ ಬರುವಾಗ ಒಬ್ಬರೂ ಶೇಖರನ ಹೆಸರು ಎತ್ತಲಿಲ್ಲ, ಆದರೆ ಎಲ್ಲರೂ ಅವನ ಕೈಯನ್ನೇ ನೆನೆಸಿಕೊಂಡಿದ್ದಾರೆಂದು ನನಗೆ ಗೊತ್ತಾಯಿತು. ಊರಿಗೆ ತಿಳಿದದ್ದು ಕೋರ್ಟಿಗೂ ತಿಳಿಯದೆ ಇರುತ್ತದೆಯೇ? ನನಗೀಗ ಧೈರ್ಯವಿದೆ.

ಜಲಜಕ್ಕ


ಶಿರೂರು
14 ಫೆಬ್ರವರಿ 2001

ವಿನಯಮ್ಮ,

ಬಹಳ ದಿನ ಪತ್ರವಿಲ್ಲ, ಇಬ್ಬರದ್ದೂ ತಪ್ಪು. ಮೊನ್ನೆ ಕೋರ್ಟಿನಲ್ಲಿ ನಾಗನ ಸಾಕ್ಷಿಯಾಯಿತು. ಬೆಳಿಗ್ಗೆ ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಚೆನ್ನಾಗಿ ಹೇಳಿದ. ತೊದಲಲಿಲ್ಲ. ನನಗೆ ಹೊಟ್ಟೆ ತಣ್ಣಗಾಯಿತು.

ಊಟದ ನಂತರ ಶೇಖರನ ಕಡೆಯ ವಕೀಲರು ಎದ್ದರು. ಒಳ್ಳೆಯ ಮೆತ್ತನೆಯ ಮಾತಿನವರು. ಕೈಯಲ್ಲಿ ನಿಮ್ಮ ಪತ್ರಿಕೆ. ಫೋಟೋ ತೋರಿಸಿ, ‘ಇದು ನೀನೇ ಅಲ್ಲವೇ’ ಎಂದರು. ಹೌದು ಎಂದ. ‘ಬಹಳ ಚೆನ್ನಾಗಿ ಮಾಡಿದ್ದೀಯಪ್ಪ, ನಾನೂ ನೋಡಿದೆ’ ಎಂದರು. ನಾಗ ಕೈ ಮುಗಿದ. ಆಮೇಲೆ ಕೇಳಿದರು: ‘ಇಷ್ಟು ಚೆನ್ನಾಗಿ ನಿನಗೆ ಯಾರು ಕಲಿಸಿದ್ದು?’

ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ನನಗೆ ಆಗಲೇ ತಿಳಿಯಿತು. ನಾಗನಿಗೆ ಏನೂ ಅನ್ನಿಸಲಿಲ್ಲ. ಆಟ ಮುಗಿದ ಮೇಲೆ ಚೌಕಿಯಲ್ಲಿ ಬಣ್ಣ ತೆಗೆಯುವಾಗ ಯಾರಾದರೂ ಬಂದು ಹೊಗಳಿದರೆ ಹೇಗೆ ತಲೆ ಬಗ್ಗಿಸುತ್ತಾನೋ ಹಾಗೇ ಬಗ್ಗಿಸಿದ.

‘ಪ್ರೇಮಾನಂದರೇ ಕಲ್ಸಿದ್ದ್ ಒಡೆಯಾ. ನಂದೆಂತ ಇಲ್ಲೆ.’

ಎಡಗೈಯಲ್ಲಿ ಎತ್ತುವುದನ್ನೂ ಅವರೇ ಕಲಿಸಿದರೇ ಎಂದರು. ‘ಎಲ್ಲ ಅವ್ರದ್ದೇ’ ಎಂದ. ವಕೀಲರು ಜಡ್ಜಿನ ಕಡೆಗೆ ತಿರುಗಿ ನಿಧಾನಕ್ಕೆ ಹೇಳಿದರು. ಕೊಲೆಯಾದಾಗ ಈತ ಏನೂ ಕಾಣಲಿಲ್ಲ ಎಂದ. ಸಿನಿಮಾದಲ್ಲಿ ಮಾಡಿದ ಮೇಲೆ ಎಲ್ಲ ಕಂಡೆ ಎಂದ. ಕಲಿಸಿದೆ ಎಂದು ನಿರ್ದೇಶಕರೂ ಹೇಳಿದ್ದಾರೆ, ಕಲಿತೆ ಎಂದು ಇವನೂ ಹೇಳುತ್ತಿದ್ದಾನೆ. ಅಷ್ಟೇ. ಆ ಪತ್ರಿಕೆಯನ್ನು ಕೋರ್ಟಿಗೆ ಕೊಟ್ಟರು.

ಬಸ್ಸಿನಲ್ಲಿ ಬರುವಾಗ ನಾಗನಿಗೆ ಬಿಡಿಸಿ ಹೇಳಿದೆ. ಅವನು ನನ್ನ ಮುಖ ನೋಡಿ, ‘ಹಂಗಾರೆ ನಾ ಎಂತ ಹೇಳ್ಕಿತ್ತ್ ಜಲಜಕ್ಕ? ನಾನೇ ಮಾಡ್ದೆ ಅಂದೇಳಿ ಹೇಳುಕಾತ್ತಾ?’ ಎಂದ.

ನಾಗ ಅವತ್ತೇ ನನಗೆ ಹೇಳಿದ್ದನೆಂದರೆ ಸತ್ತವನ ಅಕ್ಕನ ಮಾತಿಗೆ ಬೆಲೆಯಿಲ್ಲವಂತೆ. ಇನ್ನು ಒಂದೇ ದಾರಿ. ನಾಗ ಮಾಡಿ ತೋರಿಸಿದ್ದು, ತಾನು ಕಲಿಸಿದ್ದಲ್ಲ ಎಂದು ಪ್ರೇಮಾನಂದರು ಬಂದು ಹೇಳಬೇಕು. ಚಹಾ ಕುಡಿಯುವಾಗ ನಿಮ್ಮ ಹತ್ತಿರ ಹೇಳಿದ್ದಾರಲ್ಲ, ಅಷ್ಟನ್ನೇ ಜಡ್ಜಿನ ಎದುರು ಹೇಳಿದರೆ ಸಾಕು. ನೀವು ಅವರಿಗೆ ಹತ್ತಿರದವರು. ಕರೆದುಕೊಂಡು ಬನ್ನಿ ತಂಗಿ. ನಿಮ್ಮ ಕಾಲಿಗೆ ಬಿದ್ದೆ ಎಂದು ತಿಳಿಯಿರಿ.

ಜಲಜಕ್ಕ


ಮುಂಬಯಿ
27 ಫೆಬ್ರವರಿ 2001

ಜಲಜಕ್ಕ,

ಪತ್ರ ಕೈಗೆ ಬಂದ ದಿನವೇ ಅವರನ್ನು ಕಂಡೆ. ಗಾಬರಿಯಾಗಬೇಡಿ. ಅವರು ಹೊಸ ಸಿನಿಮಾದ ಗಡಿಬಿಡಿಯಲ್ಲಿದ್ದಾರೆ, ಆದರೆ ಮನುಷ್ಯ ಒಳ್ಳೆಯವರು. ನ್ಯಾಯದ ಬಗ್ಗೆ ಅಷ್ಟು ಮಾತಾಡುವವರು ಇದಕ್ಕೆ ಬಾರದೆ ಇರುತ್ತಾರೆಯೇ? ದಿನ ತಿಳಿಸಿ. ಬರುತ್ತಾರೆ.

ವಿನಯಾ


ಶಿರೂರು
29 ಏಪ್ರಿಲ್ 2001

ವಿನಯಾ,

ನೀವು ಬರೆದದ್ದನ್ನು ನಂಬಿ ಸರ್ಕಾರಿ ವಕೀಲರ ಮನೆಗೆ ನಾಲ್ಕು ಸಲ ಅಲೆದೆ. ಅವರು ಅರ್ಜಿ ಹಾಕಿ ಒಂದು ದಿನ ಪಡೆದರು. ನಿಮಗೆ ತಂತಿ ಕೊಟ್ಟೆ. ಮೊನ್ನೆ ನಾನು, ನಾಗ ಕುಂದಾಪುರದ ರೈಲು ಸ್ಟೇಷನ್ನಿಗೆ ಹೋಗಿ ಮುಂಬಯಿ ಗಾಡಿಗೆ ಕಾದೆವು. ನಾಗ ಹೊಸ ಅಂಗಿ ಹಾಕಿದ್ದ. ಪ್ರೇಮಾನಂದರಿಗೆ ಇಷ್ಟವೆಂದು ಬಂಗಡೆ ಹುರಿದು ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಗಾಡಿ ಬಂತು, ಇಳಿಯುವವರು ಇಳಿದರು, ಗಾಡಿ ಹೋಯಿತು. ಹಿಂದಿನ ಬೋಗಿಯಿಂದ ಇಳಿದಿರಬಹುದೆಂದು ನಾಗ ಪ್ಲಾಟ್‌ಫಾರ್ಮಿನ ಆ ತುದಿಯ ತನಕ ಓಡಿ ನೋಡಿ ಬಂದ.

ಏನಾಯಿತು? ಅವರಿಗೆ ಹುಷಾರಿಲ್ಲವೇ?

ಜಲಜ


ಮುಂಬಯಿ
20 ಮೇ 2001

ಜಲಜಕ್ಕ,

ಅವರು ಹುಷಾರಾಗಿಯೇ ಇದ್ದಾರೆ. ಮೊದಲ ದಿನವೇ ಬರುವುದಿಲ್ಲ ಎಂದಿದ್ದರು. ನಾಲ್ಕು ಸಲ ಹೇಳಿದರೆ ಮನಸ್ಸು ಬದಲಾಗಬಹುದು ಎಂದುಕೊಂಡೆ, ನಿಮಗೆ ಆ ಮಾತು ಬರೆಯಲು ಕೈ ಬರಲಿಲ್ಲ. ಶೇಖರನ ಕಡೆಯಿಂದ ಅವರಿಗೆ ಮಾನನಷ್ಟದ ನೋಟೀಸು ಬಂದಿತ್ತಂತೆ, ನನ್ನ ಸಂದರ್ಶನಕ್ಕೂ ಮೊದಲೇ. ಎಲ್ಲ ಕಲ್ಪನೆ ಎಂದು ಬರೆದುಕೊಟ್ಟು ಬಚಾವಾದರಂತೆ. ಟೇಪು ಓಡುವಾಗ ಅಷ್ಟು ಒತ್ತಿ ಒತ್ತಿ ‘ನನ್ನ ಕಲ್ಪನೆ’ ಎಂದದ್ದು ಜಂಬಕ್ಕೆಂದು ತಿಳಿದಿದ್ದೆ. ಹೆದರಿಕೆಗೆ ಎಂದು ಈಗ ಗೊತ್ತಾಯಿತು.

ನಾನು ಬರುತ್ತೇನೆ. ನನ್ನ ಕಿವಿಯಿಂದ ಕೇಳಿದ್ದನ್ನು ನಾನೇ ಹೇಳುತ್ತೇನೆ. ದಿನ ತಿಳಿಸಿ.

ವಿನಯಾ


ಶಿರೂರು
10 ಜೂನ್ 2001

ವಿನಯಾ,

ಸರ್ಕಾರಿ ವಕೀಲರನ್ನು ಕೇಳಿದೆ. ಇನ್ನೊಬ್ಬರು ಹೇಳಿದ್ದನ್ನು ನೀವು ಕೇಳಿದ್ದು ಸಾಕ್ಷಿಯಾಗುವುದಿಲ್ಲವಂತೆ. ಅದೂ ಅಲ್ಲದೆ ನಿಮ್ಮ ಹೆಸರು ಹಾಕಿ ಅಚ್ಚು ಮಾಡಿದ್ದೇ ಅಲ್ಲಿದೆ, ಎರಡರಲ್ಲಿ ಯಾವುದು ನಿಜ ಎಂದು ಆ ಮೆತ್ತನೆಯ ವಕೀಲರು ಕೇಳಿದರೆ ಇನ್ನೂ ಕೆಡುತ್ತದೆ ಎಂದರು. ಬರಬೇಡಿ.

ಸಿನಿಮಾ ಈಗ ಟಿ.ವಿ.ಯಲ್ಲೂ ಬಂತು. ಶೇಖರನ ಜನ, ‘ಹೊಡೆದವನು ಯಾರೆಂದು ಟಿ.ವಿ.ಯಲ್ಲೇ ಕಾಣುತ್ತದಲ್ಲ’ ಎಂದು ನಾಗನನ್ನು ಹಂಗಿಸಿ ನಗುತ್ತಾರೆ. ನಗೆಗೆ ಹೇಳಿದ್ದನ್ನು ಊರವರು ಈಗ ನಿಜವೆಂದೇ ನಂಬುತ್ತಿದ್ದಾರೆ. ಅವನನ್ನು ಯಾವ ದೋಣಿಗೂ ಕರೆಯುವುದಿಲ್ಲ. ಈ ಮಳೆಗಾಲ ವೇಷ ಕಟ್ಟುವುದಿಲ್ಲ ಎಂದಿದ್ದಾನೆ. ಗೋಡೆಯ ಫೋಟೋ ಅವನ ಹೆಂಡತಿ ಕಿತ್ತಳು. ಅವನಿಗೆ ಮಾಡು ಎಂದವಳು ನಾನು. ಅದು ನನ್ನ ಎದೆಯ ಮೇಲೆ ಕೂತಿದೆ, ಇಳಿಯುವುದಿಲ್ಲ.

ಜಲಜ


ಮುಂಬಯಿ
3 ಆಗಸ್ಟ್ 2002

ಜಲಜಕ್ಕ,

ಒಂದು ವರ್ಷ ದಾಟಿತು. ಹೇಗೆ ಬರೆಯುವುದೆಂದು ತಿಳಿಯದೆ ಸುಮ್ಮನಿದ್ದೆ. ನನ್ನ ಸಂದರ್ಶನಗಳೆಲ್ಲ ಸೇರಿ ಪುಸ್ತಕವಾಗುತ್ತಿದೆ. ನಿಮ್ಮ ಪ್ರಶ್ನೆಯನ್ನೇ ಕೊನೆಯ ಅಧ್ಯಾಯ ಮಾಡಿದ್ದೇನೆ, ಈ ಸಲ ನಿಮ್ಮ ಹೆಸರು ಹಾಕಿ. ಇಷ್ಟು ಜನ ನಿರ್ದೇಶಕರು ಕೊಟ್ಟ ಉತ್ತರಗಳಿವೆ. ಕೊನೆಯ ಮಾತು ನಿಮ್ಮದಿರಲಿ ಎಂದು ಆಸೆ.

ತೀರ್ಪು ಹತ್ತಿರ ಬಂತೆಂದು ಅಪ್ಪ ಊರಿನಿಂದ ಹೇಳಿದರು. ನನಗೆ ಇನ್ನೂ ನಂಬಿಕೆಯಿದೆ. ಸತ್ಯ ತಡವಾದರೂ ಸಾಯುವುದಿಲ್ಲ. ತೀರ್ಪಾದ ಮೇಲೆ ನಾಲ್ಕು ಸಾಲು ಬರೆದು ಕಳಿಸುತ್ತೀರಾ?

ವಿನಯಾ


ಶಿರೂರು
7 ಸೆಪ್ಟೆಂಬರ್ 2002

ವಿನಯಾ ಅವರಿಗೆ,

ನಿನ್ನೆ ತೀರ್ಪಾಯಿತು. ಶೇಖರನನ್ನು ಬಿಟ್ಟರು. ಸಾಕ್ಷಿ ಹೇಳಿದವನು ಕಂಡದ್ದನ್ನು ಹೇಳಿದನೋ ಕಲಿತದ್ದನ್ನು ಹೇಳಿದನೋ ನಿಶ್ಚಯ ಮಾಡಲು ಬರುವುದಿಲ್ಲವಂತೆ. ಜಡ್ಜು ಕೆಟ್ಟವರೆಂದು ನಾನು ಹೇಳಲಾರೆ, ಓದುವಾಗ ಒಮ್ಮೆ ನನ್ನ ಕಡೆ ನೋಡಿದರು. ಆ ಪತ್ರಿಕೆಯನ್ನೂ ನಾಗನ ಉತ್ತರವನ್ನೂ ಎದುರಿಗಿಟ್ಟುಕೊಂಡರೆ ನಾನಾದರೂ ಏನು ಬರೆಯುತ್ತಿದ್ದೆನೋ. ನಾಗ ಬರಲಿಲ್ಲ. ಅವನು ರತ್ನಾಗಿರಿಯ ಕಡೆ ಬೋಟಿಗೆ ಹೋಗಿದ್ದಾನೆ, ಅಲ್ಲಿ ಆ ಸಿನಿಮಾ ಕಂಡವರಿಲ್ಲ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದರು. ‘ಎಂತಾಯ್ತ್ ಹೆಣೆ?’ ಎಂದರು. ‘ಮುಗೀತ್’ ಎಂದೆ. ಅಮ್ಮ ಊಟ ಮಾಡಲಿಲ್ಲ, ನಾನು ಮಾಡಿದೆ. ಹಸಿವಾಗಿತ್ತು.

ಇನ್ನು ನಿಮ್ಮ ಪುಸ್ತಕಕ್ಕೆ ಬೇಕಾದದ್ದು. ಇವತ್ತು ಮರುದಿನ.

ಬೆಳಿಗ್ಗೆ ಗಾಳಿ ಎದ್ದಿತ್ತು. ನಾಡದೋಣಿ ಒಂದೂ ಇಳಿಯಲಿಲ್ಲ. ಉಪ್ಪುಂದದಲ್ಲೂ ಇಳಿದಿಲ್ಲ ಎಂದು ಬಸ್ಸಿನವರು ಹೇಳಿದರು. ಕೋರ್ಟಿಗೆ ಅಲೆದು ಅಲೆದು ನಾನು ಮೀನು ಕೊಡುವ ಮನೆಗಳು ಆಗಲೇ ಅರ್ಧ ಬೇರೆಯವರ ಪಾಲಾಗಿವೆ. ಇವತ್ತೂ ಹೋಗದಿದ್ದರೆ ಉಳಿದವೂ ಇಲ್ಲ. ಬುಟ್ಟಿ ತಕ್ಕೊಂಡು ದಕ್ಕೆಗೆ ಹೋದೆ. ದಕ್ಕೆಯಲ್ಲಿ ಇದ್ದದ್ದು ಶೇಖರನ ಬೋಟು.

ಹೆಂಗಸರೆಲ್ಲ ನನಗೆ ದಾರಿ ಬಿಟ್ಟರು. ಶೇಖರ ಹಲಗೆಯ ಮೇಲೆ ನಿಂತು ತಾನೇ ಏಲಂ ಕೂಗುತ್ತಿದ್ದ. ನಾನೂ ಕೂಗಿದೆ. ನನ್ನ ಕೂಗಿಗೆ ಬಿತ್ತು. ಬುಟ್ಟಿ ಮುಂದೆ ಹಿಡಿದೆ, ತುಂಬಿಸಿದ. ನಾನು ಎತ್ತುವ ಮೊದಲು, ಎಲ್ಲ ಗಿರಾಕಿಗಳಿಗೂ ಹಾಕುವ ಹಾಗೆ, ರಾಶಿಯಿಂದ ಇನ್ನೊಂದು ಹಿಡಿ ಮೀನು ಬಾಚಿ ಮೇಲೆ ಹಾಕಿದ. ‘ಕೊಸ್ರ್ ಇರ್ಲಿ ಜಲಜ’ ಎಂದ. ಎಡಗೈಯಲ್ಲಿ.

ಬಿಸಾಡಬೇಕಿತ್ತು. ಸಿನಿಮಾದವಳಾಗಿದ್ದರೆ ಅವನ ಮುಖಕ್ಕೇ ಎಸೆಯುತ್ತಿದ್ದಳು, ಟಾಕೀಸಿನಲ್ಲಿ ಸೀಟಿ ಬೀಳುತ್ತಿತ್ತು. ನಾನು ಬುಟ್ಟಿ ತಲೆಗೆ ಎತ್ತಿದೆ. ಅವನೇ ಒಂದು ಕೈ ಕೊಟ್ಟ.

ನಿಮ್ಮ ನಿರ್ದೇಶಕರಲ್ಲಿ ನಕ್ಕವರು ಸರಿಯಾಗಿ ಹೇಳಿದರು, ಇದರಲ್ಲಿ ಕಥೆ ಇಲ್ಲ. ಬೇಕಾದರೆ ಹಾಕಿಕೊಳ್ಳಿ, ಬೇಡವಾದರೆ ಬಿಡಿ. ಮನೆ ಮನೆಗೆ ಹೊತ್ತು ಎಲ್ಲ ಮಾರಿದೆ. ಕೊಸರನ್ನೂ ಮಾರಿದೆ.

ಜಲಜ